ಮಲೆನಾಡಿನ ನಕ್ಸಲರ ಶರಣಾಗತಿ (2025)

ಪಶ್ಚಿಮಘಟ್ಟದ ಕಾಡಿನಲ್ಲಿ ಸುಮಾರು ಎರಡು ದಶಕ ನಡೆದ ಮಾವೋವಾದಿ ಸಶಸ್ತ್ರ ಹೋರಾಟಕ್ಕೆ ಕರ್ನಾಟಕದಲ್ಲಿ ತೆರೆ ಎಳೆದ ಘಟನಾವಳಿ. 2025ರ ಜನವರಿ 8ರಂದು ಆರು ಮಂದಿ ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಎದುರು ಶರಣಾದರು. ಶೃಂಗೇರಿ ತಾಲ್ಲೂಕಿನ ಮುಂಡಗಾರು ಲತಾ, ಸುಂದರಿ ಕುತ್ಲೂರು, ವನಜಾಕ್ಷಿ ಬಾಳೆಹೊಳೆ, ರಾಯಚೂರು ಜಿಲ್ಲೆಯ ಮಾರೆಪ್ಪ ಅರೋಲಿ, ಕೇರಳದ ಜೀಶಾ ಮತ್ತು ತಮಿಳುನಾಡಿನ ವಸಂತ್ ಆ ಆರು ಮಂದಿ.

ಈ ಚಳವಳಿಯ ನೆಲ ಕೊಪ್ಪ, ಶೃಂಗೇರಿ, ಮೂಡಿಗೆರೆ, ಕಾರ್ಕಳ ಸೀಮೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ಸಿಕ್ಕಿದ ಆದಿವಾಸಿ ಹಾಗೂ ಬಡ ಕೃಷಿಕ ಕುಟುಂಬಗಳಿಗೆ ಎದುರಾದ ಒಕ್ಕಲೆಬ್ಬಿಸುವ ಭೀತಿಯೇ ಅದಕ್ಕೆ ಮೊದಲ ಬೆಂಬಲ ತಂದುಕೊಟ್ಟಿತು. ವಿಚಾರಧಾರೆ ಹೊರಗಿನಿಂದ ಬಂದಿರಬಹುದು, ಅಸಮಾಧಾನ ಮಾತ್ರ ಊರಿನದೇ.

2002ರಲ್ಲಿ ಕೊಪ್ಪ ತಾಲ್ಲೂಕಿನ ಮೆಣಸಿನಹಾಡ್ಯದಲ್ಲಿ ಬಂದೂಕು ಆಕಸ್ಮಿಕವಾಗಿ ಸಿಡಿದು ಮಹಿಳೆಯೊಬ್ಬರು ಗಾಯಗೊಂಡಾಗ ಕಾಡಿನ ತಂಡದ ಸುಳಿವು ಹೊರಬಿತ್ತು. 2003ರ ನವೆಂಬರ್‌ನಲ್ಲಿ ಕಾರ್ಕಳ ಸೀಮೆಯ ಈದು ಗ್ರಾಮದಲ್ಲಿ ತಂಡದ ಪಾರ್ವತಿ ಮತ್ತು ಹಾಜಿಮಾ ಪೊಲೀಸರ ಗುಂಡಿಗೆ ಬಲಿಯಾದರು. 2005ರ ಫೆಬ್ರವರಿ 6ರಂದು ಬಲಿಗೆಯಲ್ಲಿ ನಾಯಕ ಸಾಕೇತ್ ರಾಜನ್ ಹತರಾದರು. ಕರ್ನಾಟಕದ ಇತಿಹಾಸದ ಬಗ್ಗೆ ಗ್ರಂಥ ಬರೆದಿದ್ದ ಇವರಷ್ಟು ಓದಿದ ದಂಡನಾಯಕ ಆ ತಂಡಕ್ಕೆ ಮತ್ತೆ ಸಿಗಲಿಲ್ಲ. ನಾಲ್ಕೇ ದಿನಗಳಲ್ಲಿ ಪಾವಗಡದ ವೆಂಕಟಮ್ಮನಹಳ್ಳಿಯ ಪೊಲೀಸ್ ಶಿಬಿರದ ಮೇಲೆ ಪ್ರತೀಕಾರದ ದಾಳಿ ನಡೆಯಿತು.

ಮಾತುಕತೆಯ ದಾರಿಯೂ ಹಳೆಯದೇ. ಎಚ್.ಎಸ್. ದೊರೆಸ್ವಾಮಿ, ಗೌರಿ ಲಂಕೇಶ್ ಮೊದಲಾದವರ ಯತ್ನದಿಂದ 2014ರ ಡಿಸೆಂಬರ್‌ನಲ್ಲಿ ನಕ್ಸಲ್ ನಾಯಕರಾದ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಚಿಕ್ಕಮಗಳೂರಿನಲ್ಲಿ ಮುಖ್ಯವಾಹಿನಿಗೆ ಮರಳಿದ್ದರು. ಶೃಂಗೇರಿ ಕಡೆಯ ಮತ್ತೊಬ್ಬ ನಾಯಕ ಬಿ.ಜಿ. ಕೃಷ್ಣಮೂರ್ತಿ 2021ರಲ್ಲಿ ಕೇರಳದಲ್ಲಿ ಬಂಧಿತರಾದರು. 2024ರ ನವೆಂಬರ್ 18ರಂದು ಹೆಬ್ರಿಯ ಕಬ್ಬಿನಾಲೆ ಬಳಿ ನಕ್ಸಲ್ ನಾಯಕ ವಿಕ್ರಂ ಗೌಡ ಪೊಲೀಸರ ಗುಂಡಿಗೆ ಹತರಾದ ಮೇಲೆ ಕಾಡಿನಲ್ಲಿ ಉಳಿದದ್ದು ಬೆರಳೆಣಿಕೆಯ ಜನ. ಹಾಗಾಗಿ 2025ರ ಶರಣಾಗತಿಯನ್ನು ಸೇನಾಪತಿಯೊಬ್ಬ ರಣರಂಗದಲ್ಲಿ ಖಡ್ಗ ಒಪ್ಪಿಸಿದ ಪ್ರಸಂಗದಂತೆ ಕಾಣುವುದು ಸರಿಯಲ್ಲ. ನಾಯಕರು ಆಗಲೇ ಇಲ್ಲವಾಗಿದ್ದರು. ಉಳಿದವರು ಬಂಜಗೆರೆ ಜಯಪ್ರಕಾಶ್, ಕೆ.ಪಿ. ಶ್ರೀಪಾಲ್ ಮೊದಲಾದ ಮಧ್ಯಸ್ಥರ ಮೂಲಕ, ಸರ್ಕಾರದ ಪುನರ್ವಸತಿ ನೀತಿಯಡಿ, ಬೇಡಿಕೆಗಳನ್ನು ಮುಂದಿಟ್ಟುಕೊಂಡೇ ಬಂದರು.

ಶರಣಾಗತಿ ಚಿಕ್ಕಮಗಳೂರಿನಲ್ಲೇ ನಡೆಯಬೇಕಿತ್ತು, ಕೊನೆಗಳಿಗೆಯಲ್ಲಿ ರಾಜಧಾನಿಗೆ ಬದಲಾಯಿತು. ಲತಾ ತಮ್ಮ ಸಮವಸ್ತ್ರವನ್ನು ಮುಖ್ಯಮಂತ್ರಿಗೆ ಒಪ್ಪಿಸಿದರು. ಲತಾ ಅವರಿಗೆ ಸಂವಿಧಾನದ ಪ್ರತಿ ಸಿಕ್ಕಿತು. ಆಯುಧಗಳು ಮಾತ್ರ ಅಲ್ಲಿರಲಿಲ್ಲ. ಈ ಬಗ್ಗೆ ವಿರೋಧ ಪಕ್ಷ ತಕರಾರು ಎತ್ತಿತು. ದಿನಗಳ ಬಳಿಕ ಕೊಪ್ಪ ತಾಲ್ಲೂಕಿನ ಮೇಗೂರು ಅರಣ್ಯದ ಕಿತ್ತಲೆಗುಳಿಯಲ್ಲಿ ಎಕೆ-56, .303 ರೈಫಲ್‌ಗಳು ಮತ್ತು ಗುಂಡುಗಳನ್ನು ಪೊಲೀಸರು ವಶಪಡಿಸಿಕೊಂಡರು.

ಫೆಬ್ರವರಿ 1ರಂದು ಶೃಂಗೇರಿಯ ಕೋಟೆಹೊಂಡ ರವೀಂದ್ರ ಚಿಕ್ಕಮಗಳೂರಿನಲ್ಲಿ, ಮರುದಿನ ತೊಂಬಟ್ಟು ಲಕ್ಷ್ಮಿ ಉಡುಪಿಯಲ್ಲಿ ಶರಣಾದರು. ಆ ಬಳಿಕ ಸರ್ಕಾರ ರಾಜ್ಯವನ್ನು ನಕ್ಸಲ್ ಮುಕ್ತವೆಂದು ಸಾರಿತು. ಜನವರಿಯಲ್ಲಿ ಶರಣಾದ ಆರೂ ಮಂದಿ ನ್ಯಾಯಾಂಗ ಬಂಧನಕ್ಕೆ ಹೋದರು. ಕಾರ್ಕಳ ಕೇಂದ್ರದ ನಕ್ಸಲ್ ನಿಗ್ರಹ ಪಡೆಯ ಸಿಬ್ಬಂದಿಯಲ್ಲಿ ಒಂದು ಭಾಗವನ್ನು ಅದೇ ವರ್ಷ ಕರಾವಳಿಯ ಕೋಮು ಹಿಂಸೆ ತಡೆಯುವ ವಿಶೇಷ ಕಾರ್ಯಪಡೆಗೆ ವರ್ಗಾಯಿಸಲಾಯಿತು.