ಭುಜ ಜಾರುವುದೇಕೆ, ಬಿಗಿಯುವುದೇಕೆ? ಹೆಗಲಿನಿಂದ ರಟ್ಟೆಯವರೆಗೆ ಒಳಗೇನಿದೆ? ಇಲ್ಲಿದೆ ಪೂರ್ಣ ವಿವರ

ಪೆರಂಬೂರು (ಚೆನ್ನೈ): ಬೆಂಗಳೂರಿನಿಂದ ರೈಲಿನಲ್ಲಿ ಚೆನ್ನೈಗೆ ಹೋದವರಿಗೆ ಪೆರಂಬೂರು ಹೊಸ ಹೆಸರಲ್ಲ. ಸೆಂಟ್ರಲ್ ನಿಲ್ದಾಣಕ್ಕೆ ಇನ್ನು ಕೆಲವೇ ಕಿಲೋಮೀಟರ್ ಇರುವಾಗ ಬರುವ ನಿಲ್ದಾಣ ಇದು. ಪೆರಂಬೂರು ಬಂತು ಎನ್ನುತ್ತಿದ್ದಂತೆ ಬೋಗಿಯಲ್ಲಿ ಎಲ್ಲರೂ ಎದ್ದು ನಿಂತು, ತಲೆಯ ಮೇಲಿನ ರ‍್ಯಾಕ್‌ನಿಂದ ಬ್ಯಾಗ್ ಇಳಿಸಲು ಶುರು ಮಾಡುತ್ತಾರೆ. ಕೆಲವೇ ಸೆಕೆಂಡುಗಳ ಕೆಲಸ. ಆದರೆ ಅಷ್ಟು ಹೊತ್ತಿನಲ್ಲಿ ನಮ್ಮ ಭುಜದಲ್ಲಿ ಮೂರು ಮೂಳೆಗಳು, ಹತ್ತಕ್ಕೂ ಹೆಚ್ಚು ಸ್ನಾಯುಗಳು ಮತ್ತು ಕತ್ತಿನಿಂದ ಬರುವ ನರಗಳ ಒಂದು ದೊಡ್ಡ ಜಾಲ ಒಟ್ಟಿಗೆ ಕೆಲಸ ಮಾಡಿರುತ್ತವೆ.

ದೇಹದಲ್ಲಿ ಅತಿ ಹೆಚ್ಚು ದಿಕ್ಕುಗಳಲ್ಲಿ ತಿರುಗಬಲ್ಲ ಕೀಲು ಭುಜದ್ದು. ದೊಡ್ಡ ಕೀಲುಗಳ ಪೈಕಿ ಅತಿ ಹೆಚ್ಚು ಜಾರುವುದೂ ಇದೇ. ಇವೆರಡಕ್ಕೂ ಕಾರಣ ಒಂದೇ. ಅದೇನು ಎಂದು ತಿಳಿದರೆ, ಯಾವ ಭುಜ ನೋವಿಗೆ ವಿಶ್ರಾಂತಿ ಸಾಕು, ಯಾವುದಕ್ಕೆ ವ್ಯಾಯಾಮ ಬೇಕು, ಯಾವುದಕ್ಕೆ ತಕ್ಷಣ ಆಸ್ಪತ್ರೆಗೆ ಓಡಬೇಕು ಎಂಬುದೂ ತಿಳಿಯುತ್ತದೆ.

ಮೂರು ಮೂಳೆಗಳ ಸಂಗಮ

ಭುಜ ಎಂದರೆ ಒಂದೇ ಮೂಳೆಯಲ್ಲ. ಮುಂದೆ, ಕತ್ತಿನ ಕೆಳಗೆ ಅಡ್ಡಲಾಗಿ ಕೈಗೆ ಸಿಗುವುದು ಕಾಲರ್ ಬೋನ್. ಬೆನ್ನಿನ ಮೇಲ್ಭಾಗದಲ್ಲಿ ತ್ರಿಕೋನಾಕಾರದ ಹಲಗೆಯಂತೆ ಇರುವುದು ಹೆಗಲ ಮೂಳೆ, ಅಂದರೆ ಸ್ಕ್ಯಾಪುಲಾ. ಭುಜದಿಂದ ಮೊಣಕೈವರೆಗೆ ಇರುವ ಉದ್ದನೆಯ ಮೂಳೆ ಹ್ಯೂಮರಸ್.

ಇಡೀ ತೋಳು ಎದೆಗೂಡಿಗೆ ಮೂಳೆಯ ಮೂಲಕ ಅಂಟಿಕೊಂಡಿರುವುದು ಒಂದೇ ಕಡೆ. ಕಾಲರ್ ಬೋನ್ ಎದೆಯ ನಡುಮೂಳೆಗೆ ಸೇರುವ ಜಾಗವದು. ಉಳಿದಂತೆ ಹೆಗಲ ಮೂಳೆ ಪಕ್ಕೆಲುಬುಗಳ ಹಿಂದೆ ಬರೀ ಸ್ನಾಯುಗಳ ಆಧಾರದಲ್ಲಿ ತೇಲುತ್ತಿರುತ್ತದೆ. ಬೈಕ್‌ನಿಂದ ಬಿದ್ದು ಕೈ ಊರಿದಾಗ ಕಾಲರ್ ಬೋನ್ ಮುರಿಯುವುದು ಇದೇ ಕಾರಣಕ್ಕೆ. ತೋಳಿನಿಂದ ಬರುವ ಹೊಡೆತ ದೇಹಕ್ಕೆ ದಾಟುವ ದಾರಿಯಲ್ಲಿ ಈ ತೆಳ್ಳನೆಯ ಮೂಳೆ ಸಿಕ್ಕಿಕೊಳ್ಳುತ್ತದೆ.

ಚಮಚದ ಮೇಲಿನ ನಿಂಬೆಹಣ್ಣು

ಶಾಲೆಯ ಕ್ರೀಡಾಕೂಟದಲ್ಲಿ ಚಮಚದಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡಿದ್ದು ನೆನಪಿದೆಯೇ? ಭುಜದ ಮುಖ್ಯ ಕೀಲು ಹೆಚ್ಚು ಕಡಿಮೆ ಹಾಗೆಯೇ ಇದೆ. ಹ್ಯೂಮರಸ್‌ನ ಮೇಲ್ತುದಿ ಚೆಂಡಿನಂತೆ ದುಂಡಗಿದೆ. ಅದು ಕೂರುವ ಹೆಗಲ ಮೂಳೆಯ ಕುಳಿ ಚಿಕ್ಕದು, ಆಳವೂ ಇಲ್ಲ. ಯಾವುದೇ ಕ್ಷಣದಲ್ಲಿ ಚೆಂಡಿನ ಸುಮಾರು ಮೂರನೇ ಒಂದು ಭಾಗ ಮಾತ್ರ ಕುಳಿಗೆ ತಾಗಿರುತ್ತದೆ.

ಸೊಂಟದ ಕೀಲಿನಲ್ಲಿ ಹಾಗಿಲ್ಲ. ಅಲ್ಲಿ ತೊಡೆ ಮೂಳೆಯ ಚೆಂಡು ಆಳವಾದ ಬಟ್ಟಲಿನೊಳಗೆ ಭದ್ರವಾಗಿ ಕೂತಿರುತ್ತದೆ. ದೇಹದ ಭಾರ ಹೊರುವ ಕಾಲಿಗೆ ಭದ್ರತೆ ಮುಖ್ಯ. ಆದರೆ ಕೈ ಎಲ್ಲ ಕಡೆಗೂ ಚಾಚಬೇಕು. ಅದಕ್ಕಾಗಿ ಭುಜ ಭದ್ರತೆಯನ್ನು ಬಿಟ್ಟುಕೊಟ್ಟು ಸ್ವಾತಂತ್ರ್ಯ ಪಡೆದಿದೆ.

ಕುಳಿಯ ಅಂಚಿನಲ್ಲಿ ಲೇಬ್ರಮ್ ಎಂಬ ಗಟ್ಟಿ ನಾರಿನ ಉಂಗುರವಿದ್ದು, ಕುಳಿಯನ್ನು ತುಸು ಆಳ ಮಾಡುತ್ತದೆ. ಸುತ್ತಲೂ ಕ್ಯಾಪ್ಸೂಲ್ ಎಂಬ ಸಡಿಲ ಚೀಲ ಮತ್ತು ಲಿಗಮೆಂಟ್‌ಗಳಿವೆ. ಇವಿಷ್ಟೇ ಆದರೆ ನಿಂಬೆಹಣ್ಣು ಉರುಳಿ ಬೀಳುವುದು ಖಚಿತ. ಅದನ್ನು ಹಿಡಿದಿಡುವುದು ನಾಲ್ಕು ಪುಟ್ಟ ಸ್ನಾಯುಗಳು.

ಕಣ್ಣಿಗೆ ಕಾಣದ ನಾಲ್ವರು ಕಾವಲುಗಾರರು

ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೆಸ್ ಮೈನರ್ ಮತ್ತು ಸಬ್‌ಸ್ಕ್ಯಾಪುಲಾರಿಸ್. ಈ ನಾಲ್ಕೂ ಹೆಗಲ ಮೂಳೆಯಿಂದ ಹೊರಟು, ತೋಳಿನ ಮೂಳೆಯ ಚೆಂಡನ್ನು ಅಂಗಿಯ ಕಫ್‌ನಂತೆ ಸುತ್ತುವರಿಯುತ್ತವೆ. ಹಾಗಾಗಿಯೇ ಇವುಗಳಿಗೆ ರೊಟೇಟರ್ ಕಫ್ ಎಂಬ ಹೆಸರು. ಜಿಮ್‌ನಲ್ಲಿ ಕನ್ನಡಿ ಮುಂದೆ ನಿಂತರೆ ಕಾಣುವುದು ಡೆಲ್ಟಾಯ್ಡ್ ಮತ್ತು ಬೈಸೆಪ್ಸ್. ಆದರೆ ಕೈ ಎತ್ತಿದಾಗಲೆಲ್ಲ ಚೆಂಡನ್ನು ಕುಳಿಯ ನಡುವೆಯೇ ಒತ್ತಿ ಹಿಡಿಯುವ ಕೆಲಸ ಈ ನಾಲ್ವರದ್ದು.

ಕರ್ನಾಟಕದ ಕ್ರಿಕೆಟ್ ಅಭಿಮಾನಿಗಳಿಗೆ ಈ ಹೆಸರು ಮೊದಲೇ ಪರಿಚಿತ. ವೇಗಿ ಜಾವಗಲ್ ಶ್ರೀನಾಥ್ 1997ರಲ್ಲಿ ರೊಟೇಟರ್ ಕಫ್ ಗಾಯಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತಿಂಗಳುಗಟ್ಟಲೆ ಹೊರಗುಳಿದಿದ್ದರು. ಅನಿಲ್ ಕುಂಬ್ಳೆ 2001ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಭುಜದ ಶಸ್ತ್ರಚಿಕಿತ್ಸೆಗೆ ಒಳಗಾದರು. ಕೆ.ಎಲ್. ರಾಹುಲ್ ಭುಜದ ಗಾಯದಿಂದಾಗಿ 2017ರ ಐಪಿಎಲ್ ತಪ್ಪಿಸಿಕೊಂಡರು. ಮೂವರೂ ಮತ್ತೆ ಮೈದಾನಕ್ಕೆ ಮರಳಿದರು. ಕುಂಬ್ಳೆ ಟೆಸ್ಟ್‌ನಲ್ಲಿ 619 ವಿಕೆಟ್ ಪಡೆದು ನಿವೃತ್ತರಾದರು. ಸರಿಯಾದ ಚಿಕಿತ್ಸೆ ಮತ್ತು ತಾಳ್ಮೆಯ ವ್ಯಾಯಾಮ ಇದ್ದರೆ ಭುಜ ಚೇತರಿಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಬ್ಯಾಗ್‌ಗೆ ಕೈ ಚಾಚಿದಾಗ ಏನಾಗುತ್ತದೆ?

ಈಗ ರೈಲಿನ ಬ್ಯಾಗ್‌ಗೆ ಮರಳೋಣ. ಕೈಯನ್ನು ಪಕ್ಕದಿಂದ ತಲೆಯ ಮೇಲಕ್ಕೆ ಎತ್ತಿದರೆ ಅದು ಸುಮಾರು 180 ಡಿಗ್ರಿ ಚಲಿಸುತ್ತದೆ. ಇದರಲ್ಲಿ ಸುಮಾರು 120 ಡಿಗ್ರಿ ಚೆಂಡು-ಕುಳಿ ಕೀಲಿನದ್ದು. ಉಳಿದ 60 ಡಿಗ್ರಿ ಹೆಗಲ ಮೂಳೆ ತಾನೇ ತಿರುಗುವುದರಿಂದ ಸಿಗುತ್ತದೆ. ಕತ್ತಿನ ಹಿಂದಿನ ಟ್ರಪೀಜಿಯಸ್ ಮತ್ತು ಪಕ್ಕೆಯ ಸೆರೇಟಸ್ ಆಂಟೀರಿಯರ್ ಸ್ನಾಯುಗಳು ಹೆಗಲ ಮೂಳೆಯನ್ನು ತಿರುಗಿಸುತ್ತವೆ. ತೋಳನ್ನು ಎತ್ತುವ ಮುಖ್ಯ ಬಲ ಡೆಲ್ಟಾಯ್ಡ್‌ನದ್ದು.

ಇಲ್ಲೊಂದು ಇಕ್ಕಟ್ಟಿನ ಜಾಗವಿದೆ. ಹೆಗಲ ಮೂಳೆಯ ಚಾಚಿದ ತುದಿ ಭುಜದ ಮೇಲೆ ಸೂರಿನಂತೆ ಬರುತ್ತದೆ. ಅದರ ಹೆಸರು ಅಕ್ರೋಮಿಯನ್. ಆ ಸೂರಿಗೂ ಚೆಂಡಿಗೂ ನಡುವಿನ ಸಣ್ಣ ಸಂದಿಯಲ್ಲಿ ಸುಪ್ರಾಸ್ಪೈನೇಟಸ್‌ನ ಸ್ನಾಯುರಜ್ಜು ಹಾದುಹೋಗುತ್ತದೆ. ಉಜ್ಜದಿರಲೆಂದು ನಡುವೆ ಬರ್ಸಾ ಎಂಬ ತೆಳು ದ್ರವದ ಚೀಲವಿದೆ. ಕೈಯನ್ನು ಪದೇ ಪದೇ ತಲೆಯ ಮೇಲೆ ಎತ್ತಿ ದುಡಿಯುವವರಲ್ಲಿ ಇಲ್ಲಿ ಊತ, ಸವೆತ, ಕೊನೆಗೆ ಹರಿತ ಉಂಟಾಗುವ ಅಪಾಯ ಹೆಚ್ಚು.

ಪೆರಂಬೂರಿನಂಥ ಕೈಗಾರಿಕಾ ಊರಿಗೆ ಈ ಮಾತು ಹೆಚ್ಚು ಅನ್ವಯ. ಇಲ್ಲಿನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿಯನ್ನು 1955ರ ಅಕ್ಟೋಬರ್ 2ರಂದು ಪ್ರಧಾನಿ ಜವಾಹರಲಾಲ್ ನೆಹರು ಉದ್ಘಾಟಿಸಿದ್ದರು. 2018ರಲ್ಲಿ ಮೊದಲ ವಂದೇ ಭಾರತ್ ರೈಲು ತಯಾರಾಗಿದ್ದೂ ಇಲ್ಲೇ. ಬೋಗಿ ಕಟ್ಟುವ ಕೆಲಸವೇ ಇರಲಿ, ಮನೆಗೆ ಬಣ್ಣ ಬಳಿಯುವುದು, ವೈರಿಂಗ್, ಸೀಲಿಂಗ್ ಕೆಲಸವೇ ಇರಲಿ, ಗಂಟೆಗಟ್ಟಲೆ ಕೈ ಮೇಲೆತ್ತಿ ನಿಲ್ಲುವವರ ಭುಜ ಬೇಗ ದಣಿಯುತ್ತದೆ. ಏಣಿಯನ್ನೋ ಅಟ್ಟಣಿಗೆಯನ್ನೋ ಎತ್ತರಿಸಿ ಕೆಲಸವನ್ನು ಎದೆಯ ಮಟ್ಟಕ್ಕೆ ತಂದುಕೊಳ್ಳುವುದು, ನಡುನಡುವೆ ಕೈ ಇಳಿಸುವುದು ಅತಿ ಸರಳ ರಕ್ಷಣೆ.

ರಟ್ಟೆಯಲ್ಲಿ ಯಾರ ಕೆಲಸ ಏನು?

ಭುಜದಿಂದ ಮೊಣಕೈವರೆಗಿನ ಭಾಗವೇ ರಟ್ಟೆ. ಮುಂದೆ ಎರಡು ತಲೆಯ ಬೈಸೆಪ್ಸ್, ಅದರಡಿ ಬ್ರೇಕಿಯಾಲಿಸ್, ಹಿಂದೆ ಮೂರು ತಲೆಯ ಟ್ರೈಸೆಪ್ಸ್. ಮೊಣಕೈ ಮಡಚುವುದು ಬೈಸೆಪ್ಸ್ ಒಂದೇ ಎಂದು ಹಲವರು ತಿಳಿದಿದ್ದಾರೆ. ನಿಜವಾಗಿ ಆ ಕೆಲಸದ ದೊಡ್ಡ ಪಾಲು ಬ್ರೇಕಿಯಾಲಿಸ್‌ನದ್ದು. ಬೈಸೆಪ್ಸ್‌ಗೆ ಇನ್ನೊಂದು ಮುಖ್ಯ ಕೆಲಸವಿದೆ. ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವುದು ಅದೇ. ಬಲಗೈಯಲ್ಲಿ ಸ್ಕ್ರೂ ಬಿಗಿಮಾಡುವಾಗ ರಟ್ಟೆ ಉಬ್ಬುವುದನ್ನು ನೀವೇ ಮುಟ್ಟಿ ನೋಡಬಹುದು. ಟ್ರೈಸೆಪ್ಸ್ ಮೊಣಕೈಯನ್ನು ನೇರ ಮಾಡುತ್ತದೆ.

ಲಸಿಕೆ ಚುಚ್ಚುವುದು ಡೆಲ್ಟಾಯ್ಡ್‌ನ ದಪ್ಪ ಭಾಗಕ್ಕೆ. ಭುಜದ ಮೂಳೆಯ ಅಂಚಿನಿಂದ ಎರಡು-ಮೂರು ಬೆರಳು ಕೆಳಗೆ. ಅದಕ್ಕಿಂತ ಮೇಲಾದರೆ ಸೂಜಿ ಬರ್ಸಾಕ್ಕೆ ತಾಗಬಹುದು, ತೀರಾ ಕೆಳಗಾದರೆ ನರಕ್ಕೆ ತಾಗಬಹುದು. ತೋಳು ಪೂರ್ತಿ ಕಾಣುವಂತೆ ತೋಳಿನ ಬಟ್ಟೆ ಸರಿಸಲು ನರ್ಸ್ ಹೇಳುವುದು ಇದಕ್ಕಾಗಿಯೇ.

ಬಿಪಿ ನೋಡುವಾಗ ಪಟ್ಟಿ ಕಟ್ಟುವುದೂ ರಟ್ಟೆಗೇ. ರಟ್ಟೆಯ ಒಳಬದಿಯಲ್ಲಿ ಬ್ರೇಕಿಯಲ್ ಅಪಧಮನಿ ಹರಿಯುತ್ತದೆ. ಅದು ಹೆಚ್ಚು ಕಡಿಮೆ ಹೃದಯದ ಮಟ್ಟದಲ್ಲೇ ಇರುವುದರಿಂದ ಅಳತೆ ಸರಿಯಾಗಿ ಸಿಗುತ್ತದೆ.

ಕತ್ತಿನಿಂದ ಬೆರಳವರೆಗೆ ನರಗಳ ದಾರಿ

ಕತ್ತಿನ ಕೊನೆಯ ನಾಲ್ಕು ನರಗಳು ಮತ್ತು ಎದೆಯ ಮೊದಲ ನರ ಸೇರಿ ಬ್ರೇಕಿಯಲ್ ಪ್ಲೆಕ್ಸಸ್ ಎಂಬ ಜಾಲವಾಗುತ್ತವೆ. ಇದು ಕಾಲರ್ ಬೋನ್‌ನ ಕೆಳಗಿನಿಂದ ಕಂಕುಳಿಗೆ ಬಂದು, ಇಡೀ ಕೈಗೆ ಕವಲೊಡೆಯುತ್ತದೆ. ಕತ್ತಿನ ಡಿಸ್ಕ್ ತೊಂದರೆ ಕೆಲವೊಮ್ಮೆ ಭುಜ ನೋವಾಗಿಯೇ ಕಾಣಿಸಿಕೊಳ್ಳುವುದು ಹೀಗೆ.

ಇದರ ಕವಲಾದ ಆಕ್ಸಿಲರಿ ನರ ತೋಳಿನ ಮೂಳೆಯ ಕುತ್ತಿಗೆಯನ್ನು ಬಳಸಿ ಡೆಲ್ಟಾಯ್ಡ್‌ಗೆ ಹೋಗುತ್ತದೆ. ರೇಡಿಯಲ್ ನರ ಮೂಳೆಯ ಹಿಂಬದಿಗೆ ಅಂಟಿದಂತೆ ಸುತ್ತಿ ಇಳಿಯುತ್ತದೆ. ಆಸನದ ಬೆನ್ನಿನ ಮೇಲೆ ತೋಳು ನೇತುಹಾಕಿ ಗಾಢ ನಿದ್ದೆ ಮಾಡಿದವರಿಗೆ ಎದ್ದಾಗ ಮಣಿಕಟ್ಟು ಮೇಲೆತ್ತಲು ಆಗದಿದ್ದರೆ, ಒತ್ತಿಹೋಗಿರುವುದು ಬಹುತೇಕ ಈ ನರವೇ. ಸಾಮಾನ್ಯವಾಗಿ ಕಾಲಕ್ರಮೇಣ ಸರಿಹೋಗುತ್ತದೆ. ಆದರೂ ವೈದ್ಯರಿಗೆ ತೋರಿಸಬೇಕು.

ಭುಜ ಜಾರಿದರೆ ಎಳೆಯಲೇಬೇಡಿ

ಚೆಂಡು ಕುಳಿಯಿಂದ ಹೊರಬಂದರೆ ಅದೇ ಕೀಲು ಜಾರುವುದು. ಬಹುಪಾಲು ಪ್ರಕರಣಗಳಲ್ಲಿ ಅದು ಮುಂದಕ್ಕೆ ಜಾರುತ್ತದೆ. ಭುಜದ ದುಂಡು ಮಾಯವಾಗಿ ಚೌಕವಾಗಿ ಕಾಣುತ್ತದೆ, ಅಸಾಧ್ಯ ನೋವಿರುತ್ತದೆ. ಆ ಹೊತ್ತಿನಲ್ಲಿ ಯಾರೋ ಬಂದು ಕೈ ಹಿಡಿದು ಎಳೆದು ಕೂರಿಸಲು ಹೋಗುವುದು ನಮ್ಮಲ್ಲಿ ಸಾಮಾನ್ಯ. ಇದು ಅಪಾಯಕಾರಿ. ಜೊತೆಗೆ ಮೂಳೆಯೂ ಮುರಿದಿರಬಹುದು, ಪಕ್ಕದಲ್ಲೇ ಇರುವ ಆಕ್ಸಿಲರಿ ನರ ಅಥವಾ ರಕ್ತನಾಳಕ್ಕೆ ಹಾನಿಯಾಗಬಹುದು. ಟವೆಲ್ ಅಥವಾ ವೇಲ್‌ನಿಂದ ಕೈಯನ್ನು ಎದೆಗೆ ಜೋಲಿ ಕಟ್ಟಿ, ಉಂಗುರ-ಬಳೆ ತೆಗೆದು, ಆಸ್ಪತ್ರೆಗೆ ಕರೆದೊಯ್ಯಿರಿ. ಎಕ್ಸ್‌ರೇ ನೋಡಿ ವೈದ್ಯರೇ ಕೂರಿಸಬೇಕು. ಚಿಕ್ಕ ವಯಸ್ಸಿನಲ್ಲಿ ಒಮ್ಮೆ ಜಾರಿದ ಭುಜ ಮತ್ತೆ ಜಾರುವ ಸಾಧ್ಯತೆ ಹೆಚ್ಚು. ಹಾಗಾಗಿ ನೋವು ಹೋದ ಮೇಲೂ ವ್ಯಾಯಾಮ ಬಿಡಬಾರದು.

ಫ್ರೋಜನ್ ಶೋಲ್ಡರ್: ಸಕ್ಕರೆ ಕಾಯಿಲೆ ಇದ್ದವರು ಗಮನಿಸಿ

ಸಡಿಲವಾಗಿರಬೇಕಾದ ಕ್ಯಾಪ್ಸೂಲ್ ದಪ್ಪಗಾಗಿ ಕುಗ್ಗಿದರೆ ಭುಜ ಹೆಪ್ಪುಗಟ್ಟಿದಂತೆ ಬಿಗಿಯುತ್ತದೆ. 40ರಿಂದ 60 ವರ್ಷದವರಲ್ಲಿ, ಅದರಲ್ಲೂ ಮಹಿಳೆಯರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚು. ತಲೆ ಬಾಚಲು, ಬೆನ್ನ ಹಿಂದೆ ಹುಕ್ ಹಾಕಲು, ಹಿಂಬದಿ ಜೇಬಿನಿಂದ ಪರ್ಸ್ ತೆಗೆಯಲು ಆಗುವುದಿಲ್ಲ. ರಾತ್ರಿ ಆ ಮಗ್ಗುಲಿಗೆ ಮಲಗಲು ಆಗುವುದಿಲ್ಲ.

ಸ್ನಾಯು ಹರಿದಿದೆಯೋ, ಭುಜ ಬಿಗಿದಿದೆಯೋ ಎಂಬುದಕ್ಕೆ ಒಂದು ಸುಳಿವಿದೆ. ರೊಟೇಟರ್ ಕಫ್ ಹರಿದಿದ್ದರೆ ನಿಮ್ಮಿಂದ ಕೈ ಎತ್ತಲು ಆಗದಿದ್ದರೂ ಇನ್ನೊಬ್ಬರು ಎತ್ತಿದರೆ ಸಾಮಾನ್ಯವಾಗಿ ಮೇಲೆ ಹೋಗುತ್ತದೆ. ಫ್ರೋಜನ್ ಶೋಲ್ಡರ್‌ನಲ್ಲಿ ಇನ್ನೊಬ್ಬರು ಎತ್ತಿದರೂ ಹೋಗುವುದಿಲ್ಲ. ಖಚಿತಪಡಿಸುವುದು ವೈದ್ಯರ ಕೆಲಸ.

ನೋವಿದೆ ಎಂದು ಕೈಯನ್ನು ಅಲುಗಾಡಿಸದೆ ತಿಂಗಳುಗಟ್ಟಲೆ ಇಟ್ಟುಕೊಂಡರೆ ಬಿಗಿತ ಹೆಚ್ಚುತ್ತದೆ. ಒಂದರಿಂದ ಮೂರು ವರ್ಷಗಳಲ್ಲಿ ಹಲವರಿಗೆ ತಾನಾಗಿಯೇ ಸಡಿಲವಾಗುತ್ತದೆ. ಅಲ್ಲಿಯವರೆಗೆ ಸಕ್ಕರೆ ಹತೋಟಿ, ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಮೃದು ವ್ಯಾಯಾಮ ಬೇಕು. ಮುಂದಕ್ಕೆ ಬಾಗಿ ಕೈಯನ್ನು ಲೋಲಕದಂತೆ ತೂಗುವುದು, ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಹತ್ತಿಸುವುದು ಸಾಮಾನ್ಯವಾಗಿ ಹೇಳಿಕೊಡುವ ವ್ಯಾಯಾಮಗಳು.

ಭುಜದ್ದಲ್ಲದ ಭುಜ ನೋವು

ಎಲ್ಲಕ್ಕಿಂತ ಮುಖ್ಯ ಎಚ್ಚರಿಕೆ ಇದು. ಹೃದಯದಿಂದ ಬರುವ ನೋವಿನ ಸಂದೇಶ ಮತ್ತು ತೋಳಿನಿಂದ ಬರುವ ಸಂದೇಶ ಬೆನ್ನುಹುರಿಯ ಒಂದೇ ಭಾಗವನ್ನು ತಲುಪುತ್ತವೆ. ಮಿದುಳಿಗೆ ಗೊಂದಲವಾಗಿ, ಹೃದಯದ ನೋವು ಎಡಭುಜ ಅಥವಾ ತೋಳಿನ ನೋವಾಗಿ ಅನುಭವಕ್ಕೆ ಬರುತ್ತದೆ. ಬಲಭುಜದಲ್ಲೂ ಕಾಣಿಸಬಹುದು.

ಕೀಲಿನ ನೋವು ಕೈ ಅಲುಗಾಡಿಸಿದಾಗ ಹೆಚ್ಚುತ್ತದೆ. ಹೃದಯದ ನೋವಿಗೆ ಕೈ ಆಡಿಸುವುದರಿಂದ ವ್ಯತ್ಯಾಸವಾಗದು. ಮೆಟ್ಟಿಲು ಹತ್ತುವಾಗ, ವೇಗವಾಗಿ ನಡೆಯುವಾಗ ಬಂದರೆ, ಎದೆ ಬಿಗಿತ, ಬೆವರು, ಉಸಿರುಗಟ್ಟುವಿಕೆ, ವಾಕರಿಕೆ ಜೊತೆಗಿದ್ದರೆ ಮುಲಾಮು ಹಚ್ಚುತ್ತಾ ಕೂರಬೇಡಿ, ತಕ್ಷಣ 108ಕ್ಕೆ ಕರೆ ಮಾಡಿ. ಮಹಿಳೆಯರಲ್ಲಿ ಮತ್ತು ಸಕ್ಕರೆ ಕಾಯಿಲೆ ಇದ್ದವರಲ್ಲಿ ಎದೆನೋವು ಸ್ಪಷ್ಟವಾಗಿ ಇಲ್ಲದೆಯೂ ಹೃದಯಾಘಾತ ಆಗಬಹುದು. ಅನುಮಾನವಿದ್ದರೆ ಇಸಿಜಿ ಮಾಡಿಸಿ ನಿರಾಳವಾಗುವುದೇ ಜಾಣತನ.

ಈ ವಿಷಯದಲ್ಲೂ ಪೆರಂಬೂರಿಗೆ ಒಂದು ಹಿರಿಮೆಯಿದೆ. ಭಾರತದ ಮೊದಲ ಯಶಸ್ವಿ ಹೃದಯ ಬೈಪಾಸ್ ಶಸ್ತ್ರಚಿಕಿತ್ಸೆಯನ್ನು ಡಾ. ಕೆ.ಎಂ. ಚೆರಿಯನ್ 1975ರಲ್ಲಿ ನಡೆಸಿದ್ದು ಇಲ್ಲಿನ ದಕ್ಷಿಣ ರೈಲ್ವೆ ಆಸ್ಪತ್ರೆಯಲ್ಲಿ.

ಮುಂದಿನ ಬಾರಿ ಬ್ಯಾಗ್ ಇಳಿಸುವಾಗ

ರ‍್ಯಾಕ್‌ಗೆ ಆದಷ್ಟು ಹತ್ತಿರ ನಿಲ್ಲಿ. ಒಂದೇ ಕೈಯಲ್ಲಿ ಎಳೆಯಬೇಡಿ, ಎರಡೂ ಕೈ ಬಳಸಿ. ಮೊಣಕೈ ತುಸು ಮಡಚಿ, ಬ್ಯಾಗನ್ನು ಮೈಗೆ ಹತ್ತಿರ ತಂದುಕೊಂಡು ನಿಧಾನವಾಗಿ ಇಳಿಸಿ. ಭಾರ ಎತ್ತುವಾಗಿನಷ್ಟೇ, ಇಳಿಸುವಾಗಲೂ ಸ್ನಾಯುರಜ್ಜುಗಳ ಮೇಲೆ ಒತ್ತಡ ಬೀಳುತ್ತದೆ. ಎರಡು-ಮೂರು ವಾರವಾದರೂ ಹೋಗದ ನೋವು, ರಾತ್ರಿ ನಿದ್ದೆ ಕೆಡಿಸುವ ನೋವು, ಬಿದ್ದ ನಂತರ ಕೈ ಎತ್ತಲಾಗದಿರುವುದು, ಕೈ ಜೋಮು ಹಿಡಿಯುವುದು ಕಂಡರೆ ಮೂಳೆ ತಜ್ಞರನ್ನು ಕಾಣಿ.