ತಂಪುಪೆಟ್ಟಿಗೆಯ ತವರುಮನೆ

ಮನುಷ್ಯರಿಗೆ ಇರುವಂತೆ ವಸ್ತುಗಳಿಗೂ ಒಂದು ತವರುಮನೆ ಉಂಟು. ಕಾಲಕ್ರಮದಲ್ಲಿ ಅವು ಬೇರೆ ಮನೆಯನ್ನು ಸೇರಿ, ಬೇರೆ ಕೆಲಸಕ್ಕೆ ಒಗ್ಗಿಕೊಂಡು, ಹುಟ್ಟಿದ ಊರಿನ ಗುರುತೇ ಸಿಗದಷ್ಟು ಬದಲಾಗಿಬಿಡುತ್ತವೆ. ಅಡುಗೆಮನೆಯ ಮೂಲೆಯಲ್ಲಿ ನಿಂತು ಹಾಲು ಮೊಸರನ್ನು ಕಾಯುತ್ತಿರುವ ರೆಫ್ರಿಜರೇಟರು ಬಿಯರ್ ಕಾರ್ಖಾನೆಯ ಕೂಸೆಂದು ಹೇಳಿದರೆ ಎಷ್ಟು ಜನ ನಂಬಿಯಾರು? ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸುವ ಹವ್ಯಾಸಿಗಳು ಹಳೆಯ ರೆಫ್ರಿಜರೇಟರನ್ನು ಗುಜರಿಗೆ ಹಾಕದೆ, ಕಾರ್ ಶೆಡ್ಡಿನಲ್ಲಿ ನಿಲ್ಲಿಸಿಕೊಂಡು, ಅದನ್ನು ಹುದುಗುವ ಕೋಣೆಯನ್ನಾಗಿ ಮಾರ್ಪಡಿಸುತ್ತಾರೆ. ಇದು ಮಿತವ್ಯಯದ ಒಂದು ಉಪಾಯವೆಂದು ಸುಮ್ಮನಾಗಬಹುದು. ಚರಿತ್ರೆಯನ್ನು ಬಲ್ಲವರಿಗೆ ಮಾತ್ರ ಅದು ಮುದಿವಯಸ್ಸಿನಲ್ಲಿ ತವರಿಗೆ ಮರಳಿದ ಹೆಣ್ಣಿನಂತೆ ಕಾಣುತ್ತದೆ.

ಧನುರ್ಮಾಸದ ಚಳಿಯಲ್ಲಿ ದೋಸೆಹಿಟ್ಟು ಉಬ್ಬಿಬರದೆ, ಪಾತ್ರೆಯನ್ನು ಒಲೆಯ ಮಗ್ಗುಲಲ್ಲಿ ಬೆಚ್ಚಗಿಡುವುದು ನಮ್ಮ ಮನೆಗಳ ವಾಡಿಕೆ. ಚೈತ್ರದ ಸೆಕೆಯಲ್ಲಿ ಅದೇ ಹಿಟ್ಟು ಬೆಳಗಾಗುವ ಮೊದಲೇ ಉಕ್ಕಿ ಹುಳಿಯಾಗುತ್ತದೆ. ಬಿಯರಿನ ಪಾಡೂ ಇದೇ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಅದರ ಸಿಹಿ ರಸವನ್ನು ಹಾಪ್ಸ್ ಹೂವಿನೊಡನೆ ಕುದಿಸಿ, ಆರಿಸಿ, ಯೀಸ್ಟನ್ನು ಬೆರೆಸುತ್ತಾರೆ. ಯೀಸ್ಟು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಡುತ್ತದೆ. ಸೆಕೆ ಹೆಚ್ಚಾದರೆ ಅದು ಅವಸರಪಟ್ಟು ಬೇಡದ ವಾಸನೆಗಳನ್ನು ಹುಟ್ಟಿಸುತ್ತದೆ. ಕೆಡಿಸುವ ಬೇರೆ ಜೀವಿಗಳಿಗೂ ಎಡೆ ಸಿಗುತ್ತದೆ. ಚಳಿ ಹೆಚ್ಚಾದರೆ ಕೆಲಸ ಬಿಟ್ಟು ಮಲಗಿಬಿಡುತ್ತದೆ. ಆದ್ದರಿಂದ ಇಲ್ಲಿ ಬೇಕಾದದ್ದು ಬರಿಯ ತಂಪಲ್ಲ, ಏರಿಳಿತವಿಲ್ಲದ ಒಂದು ಹದ.

ಕನ್ನಡ ಪಾಠ ಹೇಳುವ ನನಗೆ ಇಲ್ಲಿ ಒಂದು ಪದದ ನೆನಪಾಗುತ್ತದೆ. ಇಂದಿನ ಪಠ್ಯಪುಸ್ತಕಗಳಲ್ಲಿ ‘ಕಿಣ್ವ’ವೆಂದರೆ ಎನ್‌ಜೈಮ್. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅದೇ ಪದ ಸುರೆಯನ್ನು ಹುದುಗಿಸುವ ದ್ರವ್ಯಕ್ಕೆ ಹೆಸರು. ಗ್ರೀಕ್ ಮೂಲದ ಎನ್‌ಜೈಮ್ ಎಂಬ ಪದದ ಒಡಲಲ್ಲಿಯೂ ‘ಹುದುಗಿನೊಳಗೆ’ ಎಂಬ ಅರ್ಥವೇ ಇದೆ. ಕಣ್ಣಿಗೆ ಕಾಣದ ಜೀವಿಯನ್ನು ಮನುಷ್ಯ ಅದರ ಕೆಲಸದಿಂದಲೇ ಗುರುತಿಸಿ ಹೆಸರಿಟ್ಟಿದ್ದನೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹೆಸರಿಟ್ಟದ್ದಷ್ಟೇ ಅಲ್ಲ, ಅದರ ಸ್ವಭಾವಕ್ಕೆ ತಕ್ಕಂತೆ ಶಾಸನವನ್ನೂ ಮಾಡಿದ. 1553ರಲ್ಲಿ ಜರ್ಮನಿಯ ಬವೇರಿಯ ಸೀಮೆಯ ಡ್ಯೂಕ್ ಐದನೆಯ ಆಲ್‌ಬ್ರೆಕ್ಟನು, ಸೆಪ್ಟೆಂಬರ್ 29ರ ಸಂತ ಮೈಕೇಲನ ಹಬ್ಬದಿಂದ ಏಪ್ರಿಲ್ 23ರ ಸಂತ ಜಾರ್ಜನ ಹಬ್ಬದವರೆಗೆ ಮಾತ್ರ ಬಿಯರ್ ಮಾಡತಕ್ಕದ್ದೆಂದು ಆಜ್ಞೆ ಹೊರಡಿಸಿದನು. ಬೇಸಗೆಯಲ್ಲಿ ಮಾಡಿದ ಬಿಯರ್ ಕೆಡುತ್ತಿದ್ದುದೇ ಇದಕ್ಕೆ ಕಾರಣ. ಆಜ್ಞೆಯ ಭಾಷೆ ಪಂಚಾಂಗದ್ದು; ಅದರ ಒಳಗಿದ್ದ ಮಾತು ಉಷ್ಣಮಾಪಕದ್ದು.

ಬೇಸಗೆಗೆ ಬೇಕಾದ ಬಿಯರನ್ನು ಮಾಗಿಯಲ್ಲಿಯೇ ಮಾಡಿ, ಗುಡ್ಡವನ್ನು ಕೊರೆದು ತೋಡಿದ ನೆಲಮಾಳಿಗೆಗಳಲ್ಲಿ ಕೂಡಿಡುತ್ತಿದ್ದರು. ಮೇಲೆ ನೆರಳಿಗೆಂದು ಚೆಸ್ಟ್‌ನಟ್ ಮರಗಳನ್ನು ನೆಡುತ್ತಿದ್ದರು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಮಂಜುಗಡ್ಡೆಯನ್ನು ಕೊಯ್ದು ತಂದು ಒಳಗೆ ತುಂಬುತ್ತಿದ್ದರು. ಹೀಗೆ ತಂಪಿನಲ್ಲಿ ನಿಧಾನವಾಗಿ ಮಾಗಿದ ಬಿಯರಿಗೆ ‘ಲಾಗರ್’ ಎಂಬ ಹೆಸರು ನಿಂತಿತು. ಜರ್ಮನ್ ಭಾಷೆಯಲ್ಲಿ ಅದರ ಅರ್ಥ ಉಗ್ರಾಣ. ಲಾಗರಿನ ಯೀಸ್ಟು ಪಾತ್ರೆಯ ತಳದಲ್ಲಿ ಕುಳಿತು, ತಂಪಿನಲ್ಲಿಯೂ ಕೆಲಸ ಮಾಡಬಲ್ಲದು. 1845ರಲ್ಲಿ ಡೆನ್ಮಾರ್ಕಿನ ಯಾಕೊಬ್ಸೆನ್ ಎಂಬಾತ ಮ್ಯೂನಿಕ್ಕಿನ ಸ್ಪಾಟನ್ ಕಾರ್ಖಾನೆಯಿಂದ ಈ ಯೀಸ್ಟನ್ನು ಕೋಪನ್‌ಹೇಗನ್ನಿಗೆ ಒಯ್ದನು. ಕುದುರೆಗಾಡಿ ತಂಗಿದೆಡೆಯಲ್ಲೆಲ್ಲ ಅದರ ಡಬ್ಬಿಗಳಿಗೆ ತಣ್ಣೀರೆರೆದು ಕಾಪಾಡಿದನಂತೆ. ಹಸುಗೂಸನ್ನು ಹೊತ್ತು ಪ್ರಯಾಣ ಮಾಡುವ ತಾಯಿಗೂ ಇಷ್ಟೇ ಕಾತರ ಇದ್ದೀತು! ಎರಡು ವರ್ಷಗಳಲ್ಲಿ, 1847ರಲ್ಲಿ, ಅವನು ಕಾರ್ಲ್ಸ್‌ಬರ್ಗ್ ಕಾರ್ಖಾನೆಯನ್ನು ಸ್ಥಾಪಿಸಿದನು. ಅಲ್ಲಿಯ ಪ್ರಯೋಗಶಾಲೆಯಲ್ಲಿ ಎಮಿಲ್ ಹ್ಯಾನ್ಸನ್ ಎಂಬ ವಿಜ್ಞಾನಿ 1883ರಲ್ಲಿ ಒಂದೇ ಜೀವಕೋಶದಿಂದ ಶುದ್ಧ ಯೀಸ್ಟನ್ನು ಬೆಳೆಸಿದನು. ಆ ವಿದ್ಯೆಯನ್ನು ಬಚ್ಚಿಡದೆ ಇತರ ಕಾರ್ಖಾನೆಗಳಿಗೂ ಹಂಚಿದ ಔದಾರ್ಯವನ್ನು ಇಲ್ಲಿ ಸ್ಮರಿಸಲೇಬೇಕು.

ಯೀಸ್ಟು ಕೈಗೆ ಸಿಕ್ಕಿತು. ತಂಪು ಮಾತ್ರ ಇನ್ನೂ ಪ್ರಕೃತಿಯ ಕೈಯಲ್ಲಿತ್ತು. ಮಾಗಿ ಬೆಚ್ಚಗಾದ ವರ್ಷ ಮಂಜುಗಡ್ಡೆಗೆ ಬರ. ಈ ಸಂಕಟಕ್ಕೆ ಪರಿಹಾರವನ್ನು ಹುಡುಕಿದವನು ಮ್ಯೂನಿಕ್ಕಿನ ಅಧ್ಯಾಪಕ ಕಾರ್ಲ್ ಫಾನ್ ಲಿಂಡೆ. ಶೀತಲೀಕರಣವನ್ನು ಕುರಿತು ಅವನು ಬರೆದ ಲೇಖನವನ್ನು ಮೊದಲು ಗಮನಿಸಿದವರು ವೈದ್ಯರಲ್ಲ, ಮಾಂಸದ ವ್ಯಾಪಾರಿಗಳಲ್ಲ, ಬಿಯರ್ ತಯಾರಕರು. 1870ರ ದಶಕದಲ್ಲಿ ಅವನ ಯಂತ್ರದ ಪರೀಕ್ಷೆ ನಡೆದದ್ದು ಅದೇ ಸ್ಪಾಟನ್ ಕಾರ್ಖಾನೆಯಲ್ಲಿ. ಒತ್ತಡದಿಂದ ದ್ರವವಾದ ಅಮೋನಿಯ ಮತ್ತೆ ಅನಿಲವಾಗುವಾಗ ಸುತ್ತಣ ಶಾಖವನ್ನು ಹೀರಿಕೊಳ್ಳುತ್ತದೆ. ಯಂತ್ರದ ಗುಟ್ಟು ಇಷ್ಟೆ. ಆಸ್ಟ್ರೇಲಿಯದ ಜೇಮ್ಸ್ ಹ್ಯಾರಿಸನ್ ಮೊದಲಾದವರು ಅವನಿಗಿಂತ ಮುಂಚೆಯೇ ಈ ದಾರಿಯಲ್ಲಿ ನಡೆದಿದ್ದರು, ನಿಜ. ಆದರೆ 1879ರಲ್ಲಿ ಲಿಂಡೆ ತನ್ನ ಕಂಪನಿಯನ್ನು ತೆರೆದ ಮೇಲೆ ಬಿಯರಿಗೆ ಋತುವಿನ ಹಂಗು ತಪ್ಪಿತು. ಮುಂದೆ ಯಂತ್ರ ಕಿರಿದಾಯಿತು, ವಿದ್ಯುತ್ತು ಮನೆಮನೆಗೆ ಬಂದಿತು. 1927ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿ ಹೊರತಂದ ‘ಮಾನಿಟರ್ ಟಾಪ್’ ಅಮೆರಿಕದ ಅಡುಗೆಮನೆಗಳಲ್ಲಿ ನೆಲಸಿತು.

ಆ ವೇಳೆಗೆ ಅಲ್ಲಿ ಪಾನನಿಷೇಧವಿತ್ತು. 1920ರಿಂದ 1933ರ ವರೆಗಿನ ಆ ನಿಷೇಧ ತೊಲಗಿದ ಮೇಲೆಯೂ ಮನೆಯ ಬಿಯರಿಗೆ ಕಾನೂನಿನ ಒಪ್ಪಿಗೆ ದೊರೆಯಲಿಲ್ಲ. ಶತಮಾನಗಳ ಕಾಲ ಗೃಹಿಣಿಯರ ಕೈಯಲ್ಲಿದ್ದ ವಿದ್ಯೆ, ಕಾರ್ಖಾನೆಗೆ ಸಲ್ಲುವುದೂ ಮನೆಗೆ ಸಲ್ಲದ್ದೂ ಆಯಿತು. ಕೊನೆಗೆ 1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಮಾಡಿದ ಕಾಯಿದೆ, ಇಬ್ಬರು ವಯಸ್ಕರಿರುವ ಮನೆಯಲ್ಲಿ ವರ್ಷಕ್ಕೆ 200 ಗ್ಯಾಲನ್ನಿನವರೆಗೆ ತೆರಿಗೆಯಿಲ್ಲದೆ ತಯಾರಿಸಲು ಅವಕಾಶ ಕೊಟ್ಟಿತು. ಕೊನೆಯ ರಾಜ್ಯಗಳಾದ ಮಿಸಿಸಿಪ್ಪಿ, ಅಲಬಾಮಗಳು ಒಪ್ಪಲು 2013 ಬರಬೇಕಾಯಿತು. ನಮ್ಮಲ್ಲಾದರೋ 1965ರ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಇಂಥದನ್ನು ಮಾಡುವಂತಿಲ್ಲ. ಮಾಡಿರೆಂದು ಹೇಳುವುದು ನನ್ನ ಉದ್ದೇಶವೂ ಅಲ್ಲ.

ಹವ್ಯಾಸಿಗೆ ಅನುಮತಿ ದೊರೆಯಿತು; ಆದರೆ ಬವೇರಿಯದ ನೆಲಮಾಳಿಗೆಯನ್ನು ಅವನು ಎಲ್ಲಿಂದ ತಂದಾನು? ಆಗ ಒದಗಿದ್ದು ಹಳೆಯ ರೆಫ್ರಿಜರೇಟರು. ಅಡುಗೆಮನೆಯ ಯಂತ್ರ ಒಳಗನ್ನು ನಾಲ್ಕು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿ ಇಡುತ್ತದೆ. ಲಾಗರಿಗೆ ಹತ್ತು ಹನ್ನೆರಡು ಡಿಗ್ರಿ ಬೇಕು, ಏಲ್ ಎಂಬ ಬಗೆಗೆ ಹದಿನೆಂಟು ಇಪ್ಪತ್ತು. ಆದ್ದರಿಂದ ಗೋಡೆಯ ಪ್ಲಗ್ಗಿಗೂ ಯಂತ್ರಕ್ಕೂ ನಡುವೆ ಬೇರೊಂದು ನಿಯಂತ್ರಕವನ್ನು ಕೂಡಿಸಿ, ಅದರ ಸಂವೇದಕವನ್ನು ಹುದುಗುವ ಪಾತ್ರೆಯ ಮೈಗೆ ಅಂಟಿಸುತ್ತಾರೆ. ಹುದುಗುವ ರಸ ತಾನೇ ಶಾಖವನ್ನು ಹುಟ್ಟಿಸುವುದರಿಂದ ಸುತ್ತಣ ಗಾಳಿಗಿಂತ ಬೆಚ್ಚಗಿರುತ್ತದೆ. ಗಾಳಿಯನ್ನು ಅಳೆದವನು ಮೋಸಹೋಗುತ್ತಾನೆ. ಬಿಸಿ ಏರಿದರೆ ನಿಯಂತ್ರಕ ವಿದ್ಯುತ್ತನ್ನು ಕೊಡುತ್ತದೆ, ಇಳಿದರೆ ಕಡಿಯುತ್ತದೆ. ಮಾಗಿಯಲ್ಲಿ ಒಳಗೊಂದು ಸಣ್ಣ ಹೀಟರು ಇದ್ದರೆ ಆಯಿತು. ತಂತಿಗೆಂದು ಗೋಡೆಯನ್ನು ಕೊರೆಯುವಾಗ ಒಳಗಿನ ಅನಿಲದ ಕೊಳವೆಗೆ ಪೆಟ್ಟಾದರೆ ಯಂತ್ರದ ಕಥೆ ಮುಗಿಯಿತು. ಹೊರಗಿನಿಂದ ಅಗಣಿ ಬೀಳುವ ಹಳೆಯ ಕಾಲದ ಪೆಟ್ಟಿಗೆಗಳಲ್ಲಿ ಅದಕ್ಕಿಂತ ದೊಡ್ಡ ಅಪಾಯವಿತ್ತು. ಬಿಸಾಡಿದ ಅಂಥ ಪೆಟ್ಟಿಗೆಗಳೊಳಗೆ ಆಟವಾಡಲು ಹೊಕ್ಕ ಮಕ್ಕಳು ಉಸಿರುಕಟ್ಟಿ ಸತ್ತದ್ದರಿಂದಲೇ, ಬಾಗಿಲನ್ನು ಒಳಗಿನಿಂದಲೂ ತೆರೆಯುವಂತಿರಬೇಕೆಂದು ಅಮೆರಿಕ 1956ರಲ್ಲಿ ಕಾನೂನು ಮಾಡಿತು.

ನಮ್ಮ ಮನೆಗಳಲ್ಲಿ ದೋಸೆಹಿಟ್ಟು ಇನ್ನಷ್ಟು ಹುಳಿಯಾಗದಿರಲೆಂದು ರೆಫ್ರಿಜರೇಟರಿನಲ್ಲಿಡುತ್ತೇವೆ. ಅಲ್ಲಿ ಹುದುಗುವ ರಸ ಹದವಾಗಿ ಬೆಳೆಯಲೆಂದು ಇಡುತ್ತಾರೆ. ಎರಡನೆಯದೇ ಅದರ ಹುಟ್ಟುಕೆಲಸ. ಡ್ಯೂಕನ ಆಜ್ಞೆಯಿಂದ, ಕೆರೆಯ ಮಂಜುಗಡ್ಡೆಯಿಂದ, ಲಿಂಡೆಯ ದೊಡ್ಡ ಯಂತ್ರದಿಂದ ಆಗುತ್ತಿದ್ದ ಕಾರ್ಯವನ್ನು ಇಂದು ಸವೆದ ಒಂದು ಪೆಟ್ಟಿಗೆಯೂ ಒಂದು ನಿಯಂತ್ರಕವೂ ಕೂಡಿ ಕಾರ್ ಶೆಡ್ಡಿನಲ್ಲಿ ಮಾಡುತ್ತಿವೆ. ಮನೆಯಿಂದ ಕಾರ್ಖಾನೆಗೆ ಹೋದ ವಿದ್ಯೆ, ಕಾರ್ಖಾನೆಯಲ್ಲಿ ಹುಟ್ಟಿದ ಯಂತ್ರದ ಕೈಹಿಡಿದುಕೊಂಡೇ ಮನೆಗೆ ಹಿಂದಿರುಗಿದೆ.