ಯಾವ ತಿಂಗಳು ಯಾವ ಬೆಟ್ಟ? ನಮ್ಮ ಐದು ತಾಲ್ಲೂಕಿನ ಕುಟುಂಬಗಳಿಗೆ ವರ್ಷಪೂರ್ತಿ ಮಾಹಿತಿ

ಕೂಡ್ಲಿಗಿ: ಸ್ಕೂಲಿಗೆ ರಜೆ ಬಿಟ್ಟ ಕೂಡಲೇ ಮನೆ ಮನೆಯಲ್ಲೂ ಒಂದೇ ಮಾತು, "ಎಲ್ಲಾದ್ರೂ ಬೆಟ್ಟದ ಕಡೆ ಹೋಗೋಣ". ಊಟಿ, ಕೊಡಗು ಅಂದ್ರೆ ಮೂರ್ನಾಲ್ಕು ದಿನ ಬೇಕು. ಅಷ್ಟು ದಿನ ಅಂಗಡಿ ಬಾಗಿಲು ಹಾಕೋಕೆ ಆಗಲ್ಲ. ಹಂಗಾಗಿ ಒಂದು ದಿನದಲ್ಲಿ ಹೋಗಿ ಬರೋ ಹಂಗೆ ಹತ್ತಿರದ ಯಾವುದೋ ಬೆಟ್ಟಕ್ಕೆ ಗಾಡಿ ಕಟ್ತೀವಿ. ಏಪ್ರಿಲ್–ಮೇ ತಿಂಗಳ ಬಿಸಿಲಲ್ಲಿ, ಬೆಳಗ್ಗೆ ತಿಂಡಿ ಮುಗಿಸಿ ಆರಾಮಾಗಿ ಹೊರಟು, 11 ಗಂಟೆಗೆ ಬಂಡೆ ಹತ್ತೋಕೆ ಶುರು ಮಾಡ್ತೀವಿ. ಅರ್ಧ ದಾರಿಯಲ್ಲಿ ಹುಡುಗರು ಅಳ್ತಾವೆ, ಅಜ್ಜಿಗೆ ತಲೆ ಸುತ್ತುತ್ತೆ, ತಂದ ನೀರು ಖಾಲಿಯಾಗಿರುತ್ತೆ. ವಾಪಸ್ ಬಂದು "ನಮ್ಮ ಕಡೆ ಬೆಟ್ಟದಾಗ ಏನೂ ಇಲ್ಲ" ಅಂತೀವಿ.

ತಪ್ಪು ಬೆಟ್ಟದ್ದಲ್ಲ, ತಿಂಗಳಿಂದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯಿಂದ ಹೋಗಬಹುದಾದ ಬೆಟ್ಟಗಳು ಬೇಕಾದಷ್ಟಿವೆ. ಆದರೆ ಒಂದೊಂದಕ್ಕೂ ಒಂದೊಂದು ಕಾಲ. ಮನೆಯವರನ್ನೆಲ್ಲಾ ಕರ್ಕೊಂಡು ಹೋಗೋರಿಗೆ ಉಪಯೋಗ ಆಗಲಿ ಅಂತ ಕಾಲದ ಪ್ರಕಾರ ಮಾಹಿತಿ ಇಲ್ಲಿದೆ.

ಮೊದಲು ಇದನ್ನು ತಿಳ್ಕೊಳ್ಳಿ: ಎಲ್ಲಾ ಬೆಟ್ಟವೂ ತಂಪಲ್ಲ

ಎತ್ತರಕ್ಕೆ ಹೋದಂಗೆ ತಂಪಾಗುತ್ತೆ ಅನ್ನೋದು ನಿಜ. ಲೆಕ್ಕ ಹೇಳೋದಾದ್ರೆ ಪ್ರತಿ 100 ಮೀಟರ್ ಎತ್ತರಕ್ಕೆ ಸುಮಾರು ಅರ್ಧ ಡಿಗ್ರಿಗಿಂತ ಸ್ವಲ್ಪ ಹೆಚ್ಚು ಉಷ್ಣಾಂಶ ಇಳಿಯುತ್ತೆ. ಆದರೆ ಗುಡೇಕೋಟೆ, ಉಚ್ಚಂಗಿದುರ್ಗ, ಚಿತ್ರದುರ್ಗದಂಥ ಜಾಗಗಳು ಸುತ್ತಲಿನ ನೆಲದಿಂದ ಅಷ್ಟೇನೂ ಎತ್ತರ ಇಲ್ಲ. ಮೇಲಾಗಿ ಅವು ಬರೀ ಬಂಡೆ. ಕಲ್ಲು ಬೆಳಗ್ಗೆಯಿಂದ ಬಿಸಿಲು ಕುಡಿದು ಸಂಜೆವರೆಗೂ ಕಾವು ಬಿಡ್ತಾ ಇರುತ್ತೆ. ಬೇಸಿಗೆ ಮಧ್ಯಾಹ್ನ ಊರಿಗಿಂತ ಬಂಡೆ ಮೇಲೇ ಸೆಕೆ ಜಾಸ್ತಿ.

ಅದಕ್ಕೇ ನಮಗೆ ಎರಡು ಥರದ ಬೆಟ್ಟ ಇವೆ ಅಂತ ನೆನಪಿಡಿ. ಒಂದು, ಕಲ್ಲಿನ ಬೆಟ್ಟ. ಇದು ಚಳಿಗಾಲಕ್ಕೆ. ಇನ್ನೊಂದು, ಮಣ್ಣು–ಕಾಡಿನ ಬೆಟ್ಟ. ಸಂಡೂರು, ಕಪ್ಪತ್ತಗುಡ್ಡ ಈ ಜಾತಿ. ಇವು ಮಳೆಗಾಲ ಮತ್ತು ಅದರ ಹಿಂದಿನ ತಿಂಗಳುಗಳಿಗೆ. ಕಡು ಬೇಸಿಗೆಗೆ ಮಾತ್ರ ಜಿಲ್ಲೆ ದಾಟಿ ಮಲೆನಾಡಿನ ಕಡೆ ಹೋಗಬೇಕು.

ಜೂನ್‌ನಿಂದ ಸೆಪ್ಟೆಂಬರ್: ಸಂಡೂರು ಬೆಟ್ಟಸಾಲು

ಮಳೆಗಾಲಕ್ಕೆ ನಮಗೆ ಹತ್ತಿರದ ಹಸಿರು ಅಂದ್ರೆ ಸಂಡೂರು. ಕೂಡ್ಲಿಗಿಯಿಂದ ಬಂಡ್ರಿ ಮಾರ್ಗವಾಗಿ ಹೋಗಬಹುದು. ಸಂಡೂರನ್ನು ಸೆಪ್ಟೆಂಬರ್‌ನಲ್ಲೇ ನೋಡಬೇಕು ಅಂತ ಗಾಂಧೀಜಿ ಹೇಳಿದ್ದರು ಅನ್ನೋ ಮಾತು ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಮಾತಿನ ಮೂಲ ಏನೇ ಇರಲಿ, ತಿಂಗಳು ಮಾತ್ರ ಸರಿ. ನಮ್ಮ ಭಾಗಕ್ಕೆ ಹೆಚ್ಚು ಮಳೆ ಬೀಳೋದೇ ಸೆಪ್ಟೆಂಬರ್ ಆಸುಪಾಸು. ಆಗ ಗುಡ್ಡದ ನೆತ್ತಿಗೆ ಮೋಡ ಕೂತಿರುತ್ತೆ, ಕೆಂಪು ಮಣ್ಣೆಲ್ಲಾ ಹಸಿರಾಗಿರುತ್ತೆ.

ಮನೆಯವರ ಜೊತೆ ನೋಡಬಹುದಾದವು:

- ಕುಮಾರಸ್ವಾಮಿ ಮತ್ತು ಪಾರ್ವತಿ ದೇವಸ್ಥಾನ. ಬೆಟ್ಟದ ಮೇಲಿನ ಹಳೇ ಕಾಲದ ದೇವಸ್ಥಾನಗಳು. ದಾರಿಯುದ್ದಕ್ಕೂ ಕಾಡು. ವಾಹನ ಹತ್ತಿರದವರೆಗೂ ಹೋಗುತ್ತೆ, ಹಾಗಾಗಿ ವಯಸ್ಸಾದವರಿಗೂ ಕಷ್ಟ ಇಲ್ಲ.
- ನಾರಿಹಳ್ಳ ಜಲಾಶಯ. ಎರಡು ಗುಡ್ಡಗಳ ನಡುವೆ ನೀರು. ಬುತ್ತಿ ಬಿಚ್ಚಿ ಕೂರೋಕೆ ಒಳ್ಳೇ ಜಾಗ. ಹುಡುಗರನ್ನು ಮಾತ್ರ ನೀರಿಗೆ ಇಳಿಯೋಕೆ ಬಿಡಬೇಡಿ.
- ರಾಮಗಡ. ಸುಮಾರು 3,200 ಅಡಿ ಎತ್ತರ. ಬ್ರಿಟಿಷರ ಕಾಲದಲ್ಲಿ ಬಳ್ಳಾರಿ ದಂಡಿನವರು ಬಿಸಿಲು ತಡೀಲಾರದೆ ಇಲ್ಲಿಗೆ ಬಂದು ಇರ್ತಿದ್ದರು. ಅಂದ್ರೆ ನಮ್ಮ ಕಡೆಯ ಹಳೇ "ಹಿಲ್ ಸ್ಟೇಷನ್" ಇದೇ.

ಗಮನಿಸಿ: ಸಂಡೂರು ಸುತ್ತ ಅದಿರು ಲಾರಿಗಳ ಓಡಾಟ ಇದೆ. ಮಳೆಯಲ್ಲಿ ಕೆಂಪು ಕೆಸರು ರಸ್ತೆ ಮೇಲೆ ಬಂದ್ರೆ ಬೈಕ್ ಜಾರುತ್ತೆ. ಹೆಂಡತಿ ಮಕ್ಕಳನ್ನು ಬೈಕ್ ಮೇಲೆ ಕೂರಿಸ್ಕೊಂಡು ಹೋಗೋದಕ್ಕಿಂತ ಬಸ್ಸು ಅಥವಾ ಕಾರು ಒಳ್ಳೇದು. ಕತ್ತಲಾಗೋ ಮುಂಚೆ ಗುಡ್ಡ ಇಳಿದುಬಿಡಿ.

ಆಗಸ್ಟ್‌ನಿಂದ ನವೆಂಬರ್: ಕಪ್ಪತ್ತಗುಡ್ಡ

ಹಡಗಲಿ ಕಡೆಯವರಿಗೆ ಇದು ಹೊಳೆ ದಾಟಿದರೆ ಸಿಗೋ ಬೆಟ್ಟ. ಮದಲಗಟ್ಟಿ ಹತ್ತಿರ ತುಂಗಭದ್ರೆ ಸೇತುವೆ ದಾಟಿ ಕೊರ್ಲಹಳ್ಳಿ, ಮುಂಡರಗಿ ಮೇಲೆ ಹೋಗಬೇಕು. ಗದಗ ಜಿಲ್ಲೆಯ ಈ ಗುಡ್ಡಸಾಲು ಔಷಧಿ ಗಿಡಗಳಿಗೆ ಹೆಸರಾಗಿದೆ. 2019ರಲ್ಲಿ ಇದನ್ನು ವನ್ಯಜೀವಿಧಾಮ ಅಂತ ಘೋಷಣೆ ಮಾಡಿದ್ದಾರೆ. ತೋಳ, ಕತ್ತೆಕಿರುಬ ಇರೋ ಕಾಡು. ಹಾಗಾಗಿ ಬಿಟ್ಟ ದಾರಿಯಲ್ಲಷ್ಟೇ ಓಡಾಡಬೇಕು, ಸೊಪ್ಪು ಬೇರು ಕೀಳಬಾರದು, ಬೆಂಕಿ ಹಚ್ಚಿ ಅಡುಗೆ ಮಾಡೋ ಹಂಗಿಲ್ಲ.

ಕಪ್ಪತ್ತ ಮಲ್ಲೇಶ್ವರ ದೇವಸ್ಥಾನ ಮತ್ತು ಗಾಳಿಗುಂಡಿ ಬಸವಣ್ಣ ಇಲ್ಲಿಗೆ ಬರೋರೆಲ್ಲಾ ನೋಡೋ ಜಾಗ. ಗಾಳಿಗುಂಡಿಯಲ್ಲಿ ಹೆಸರಿಗೆ ತಕ್ಕಂತೆ ಗಾಳಿ ಬೀಸುತ್ತೆ, ಚಿಕ್ಕ ಮಕ್ಕಳಿಗೆ ಟೋಪಿ, ಸ್ವೆಟರ್ ಇರಲಿ.

ಗುಡ್ಡ ಹತ್ತೋಕೆ ಆಗದವರು ಇದ್ದರೆ ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿಗೆ ಹೋಗಿ. ಹೊಳೆ ದಂಡೆಯ ಸಣ್ಣ ಗುಡ್ಡದ ಮೇಲೆ ವೀರಭದ್ರೇಶ್ವರ ದೇವಸ್ಥಾನ ಇದೆ. ಹಮ್ಮಿಗಿ ಬ್ಯಾರೇಜ್‌ನಿಂದ ನಿಂತ ನೀರು ಮೇಲಿಂದ ಚೆಂದ ಕಾಣುತ್ತೆ. ಮಕ್ಕಳು ಹಠ ಮಾಡಿದರೆ ಗದಗ ಹತ್ತಿರ ಬಿಂಕದಕಟ್ಟಿಯಲ್ಲಿ ಪ್ರಾಣಿಸಂಗ್ರಹಾಲಯ ಇದೆ, ಅದನ್ನೂ ಸೇರಿಸ್ಕೊಂಡರೆ ಒಂದು ದಿನ ತುಂಬುತ್ತೆ.

ನವೆಂಬರ್‌ನಿಂದ ಫೆಬ್ರವರಿ: ಕಲ್ಲಿನ ಬೆಟ್ಟಗಳು

ಕೋಟೆ ಹತ್ತಬೇಕು ಅಂದ್ರೆ ಈ ನಾಲ್ಕೇ ತಿಂಗಳು. ಬಂಡೆ ಒಣಗಿರುತ್ತೆ, ಪಾಚಿ ಇರಲ್ಲ, ಬಿಸಿಲು ಹಿತವಾಗಿರುತ್ತೆ.

ಉಚ್ಚಂಗಿದುರ್ಗ (ಹರಪನಹಳ್ಳಿ ತಾಲ್ಲೂಕು): ನೊಳಂಬವಾಡಿ ಆಳಿದ ಪಾಂಡ್ಯರ ರಾಜಧಾನಿ ಆಗಿದ್ದ ಜಾಗ. ಮೆಟ್ಟಿಲು ಹತ್ತಿ ಕೋಟೆ ಬಾಗಿಲುಗಳನ್ನು ದಾಟಿದರೆ ಉಚ್ಚಂಗೆಮ್ಮನ ಗುಡಿ. ದೇವರ ದರ್ಶನವೂ ಆಗುತ್ತೆ, ಕೋಟೆಯೂ ನೋಡಿದಂಗಾಗುತ್ತೆ. ಹುಣ್ಣಿಮೆ ದಿನ ಜನ ಜಾಸ್ತಿ, ಅದರಲ್ಲೂ ಭರತ ಹುಣ್ಣಿಮೆಗೆ ಕಾಲಿಡೋಕೆ ಜಾಗ ಇರಲ್ಲ. ಸಣ್ಣ ಮಕ್ಕಳಿದ್ದರೆ ಬೇರೆ ದಿನ ನೋಡ್ಕೊಳ್ಳಿ.

ಗುಡೇಕೋಟೆ (ಕೂಡ್ಲಿಗಿ ತಾಲ್ಲೂಕು): ಪಾಳೇಗಾರರ ಕೋಟೆ, ಒನಕೆ ಓಬವ್ವನ ತವರೂರು ಅಂತ ಊರವರು ಹೆಮ್ಮೆಯಿಂದ ಹೇಳ್ತಾರೆ. ಇಲ್ಲಿನ ಕಲ್ಲುಗುಡ್ಡಗಳು 2013ರಿಂದ ಕರಡಿಧಾಮ. ಕರಡಿ ಹಗಲೊತ್ತು ಗವಿಯಲ್ಲಿ ಮಲಗಿ ಸಂಜೆ ಹೊರಗೆ ಬರುತ್ತೆ, ಬೆಳಗಿನ ಜಾವದವರೆಗೂ ಓಡಾಡುತ್ತೆ. ಹಾಗಾಗಿ ಹೊತ್ತು ಏರಿದ ಮೇಲೆ ಹೋಗಿ, ಸಂಜೆ 4ರೊಳಗೆ ಇಳೀರಿ. ಗವಿ, ಪೊಟರೆ ಒಳಗೆ ಇಣುಕೋದು, ಮೊಬೈಲ್ ಟಾರ್ಚ್ ಹಾಕಿ ವಿಡಿಯೋ ಮಾಡೋದು ಬೇಡ. ಮರಿ ಇರೋ ತಾಯಿ ಕರಡಿ ಎದುರಾದ್ರೆ ಓಡಿ ತಪ್ಪಿಸ್ಕೊಳ್ಳೋಕೆ ಆಗಲ್ಲ. ಊರಿನ ಯಾರಾದರೂ ಗೊತ್ತಿರೋರನ್ನು ಜೊತೆಗೆ ಕರ್ಕೊಳ್ಳಿ.

ಕರಡಿಯನ್ನೇ ನೋಡಬೇಕು ಅಂತ ಮಕ್ಕಳಿಗೆ ಆಸೆ ಇದ್ದರೆ ಅದಕ್ಕೆ ಸರಿಯಾದ ಜಾಗ ದರೋಜಿ ಕರಡಿಧಾಮ. ಅಲ್ಲಿ ವೀಕ್ಷಣಾ ಗೋಪುರ ಇದೆ, ಎದುರಿನ ಗುಡ್ಡದ ಬಂಡೆಗೆ ಸಿಹಿ ಹಚ್ಚಿರ್ತಾರೆ, ಕರಡಿ ಮಧ್ಯಾಹ್ನದ ನಂತರ ನೆಕ್ಕೋಕೆ ಬರುತ್ತೆ. ದೂರದಿಂದ ಆರಾಮಾಗಿ ನೋಡಬಹುದು.

ಚಿತ್ರದುರ್ಗ: ಕೂಡ್ಲಿಗಿಯಿಂದ ಹೆದ್ದಾರಿ 50ರಲ್ಲಿ ಸುಮಾರು 70 ಕಿ.ಮೀ. ಏಳು ಸುತ್ತಿನ ಕೋಟೆ, ಓಬವ್ವನ ಕಿಂಡಿ, ಅಕ್ಕ–ತಂಗಿ ಹೊಂಡ. ಬೆಳಗ್ಗೆ ಬಾಗಿಲು ತೆರೆಯೋ ಹೊತ್ತಿಗೆ ಹೋದ್ರೆ 10 ಗಂಟೆಯೊಳಗೆ ಮುಖ್ಯವಾದದ್ದು ಮುಗಿಯುತ್ತೆ. ಕೋತಿಗಳಿವೆ, ಕೈಯಲ್ಲಿ ಬಾಳೆಹಣ್ಣು, ಪ್ಲಾಸ್ಟಿಕ್ ಚೀಲ ಹಿಡ್ಕೊಂಡು ಹೋಗಬೇಡಿ. ಪಕ್ಕದ ಜೋಗಿಮಟ್ಟಿ ಗುಡ್ಡಕ್ಕೆ ವಾಹನದಲ್ಲೇ ಹೋಗಬಹುದು, ಅರಣ್ಯ ಇಲಾಖೆ ಚೆಕ್‌ಪೋಸ್ಟ್‌ನಲ್ಲಿ ಸಮಯ ವಿಚಾರಿಸ್ಕೊಳ್ಳಿ.

ಹಂಪಿ, ಆನೆಗೊಂದಿ: ಹಗರಿಬೊಮ್ಮನಹಳ್ಳಿ ಕಡೆಯವರಿಗೆ ಹತ್ತಿರ. ಎಲ್ಲರೂ ಮಾತಂಗ ಬೆಟ್ಟ ಅಂತಾರೆ, ಆದರೆ ಅದು ಕಡಿದಾದ ಹತ್ತು, ಅಜ್ಜ ಅಜ್ಜಿಗೆ ಆಗಲ್ಲ. ಅಂಜನಾದ್ರಿಗೆ 575 ಮೆಟ್ಟಿಲು. ಮಂಡಿನೋವು ಇರೋರಿಗೆ ಹೇಮಕೂಟ ಸಾಕು, ಇಳಿಜಾರು ಬಂಡೆ ಮೇಲೆ ನಿಧಾನಕ್ಕೆ ನಡೆದರೆ ಆಯ್ತು. ಮಾಲ್ಯವಂತ ಬೆಟ್ಟಕ್ಕಾದ್ರೆ ರಘುನಾಥ ದೇವಸ್ಥಾನದವರೆಗೂ ಗಾಡಿ ಹೋಗುತ್ತೆ.

ಇದೇ ಕಾಲದಲ್ಲಿ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಗೆ ಹಕ್ಕಿಗಳು ಬಂದಿರ್ತಾವೆ. 2024ರಲ್ಲಿ ಇದಕ್ಕೆ ರಾಮ್ಸರ್ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಬೆಟ್ಟ ಅಲ್ಲ, ಆದರೆ ಹಂಪಿ ಕಡೆ ಹೋಗೋ ದಿನ ಬೆಳಗ್ಗೆ ಒಂದು ತಾಸು ನಿಂತು ಹೋಗಬಹುದು.

ಮಾರ್ಚ್‌ನಿಂದ ಮೇ: ಕಲ್ಲು ಬಿಡಿ, ಮಲೆನಾಡು ಹಿಡೀರಿ

ಕಷ್ಟ ಇರೋದೇ ಇಲ್ಲಿ. ಮಕ್ಕಳಿಗೆ ರಜೆ ಸಿಗೋದು ಈ ತಿಂಗಳಲ್ಲಿ, ನಮ್ಮ ಬೆಟ್ಟಗಳು ಕಾಯೋದೂ ಈ ತಿಂಗಳಲ್ಲೇ. ಬೇಸಿಗೆಗೆ ನಮಗೆ ಅನುಕೂಲದ ಬೆಟ್ಟ ಅಂದ್ರೆ ಕೆಮ್ಮಣ್ಣುಗುಂಡಿ. 1,434 ಮೀಟರ್ ಎತ್ತರ. ನಮ್ಮ ಬಯಲಿಗಿಂತ 800 ಮೀಟರ್‌ಗೂ ಮೇಲೆ, ಅಂದ್ರೆ ಎತ್ತರದಿಂದಲೇ ಹತ್ತಿರ ಹತ್ತಿರ ಐದು ಡಿಗ್ರಿ ತಂಪು. ಕಾಡಿನ ನೆರಳು ಬೇರೆ. ನಾಲ್ವಡಿ ಕೃಷ್ಣರಾಜ ಒಡೆಯರು ಬೇಸಿಗೆಗೆ ಬರ್ತಿದ್ದ ಜಾಗ. ಈಗ ತೋಟಗಾರಿಕೆ ಇಲಾಖೆ ನೋಡ್ಕೊಳ್ಳುತ್ತೆ, ಹೂವಿನ ತೋಟ ಇದೆ, ಉಳ್ಕೊಳ್ಳೋಕೆ ಇಲಾಖೆ ಅತಿಥಿಗೃಹಗಳಿವೆ. ರಜೆಯಲ್ಲಿ ಬೇಗ ತುಂಬ್ತಾವೆ, ಮೊದಲೇ ಬುಕ್ ಮಾಡಿ.

ದಾರಿ: ಹರಪನಹಳ್ಳಿ, ದಾವಣಗೆರೆ, ಚನ್ನಗಿರಿ, ತರೀಕೆರೆ, ಲಿಂಗದಹಳ್ಳಿ. ಚನ್ನಗಿರಿ ಹತ್ತಿರ ಶಾಂತಿಸಾಗರ, ಅಂದ್ರೆ ಸೂಳೆಕೆರೆ ಸಿಗುತ್ತೆ, ಮೇಲೆ ಹತ್ತೋ ಮುಂಚೆ ಕಲ್ಲತ್ತಿಗಿರಿ ಜಲಪಾತ. ಕೊಟ್ಟೂರು, ಹಗರಿಬೊಮ್ಮನಹಳ್ಳಿಯವರು ದಾವಣಗೆರೆವರೆಗೆ ರೈಲಲ್ಲೂ ಹೋಗಬಹುದು, ಸಮಯ ಸ್ಟೇಷನ್ನಲ್ಲಿ ಕೇಳ್ಕೊಳ್ಳಿ. ಇದಕ್ಕೆ ಒಂದು ರಾತ್ರಿ ಬೇಕೇ ಬೇಕು. ಶನಿವಾರ ಮಧ್ಯಾಹ್ನ ಅಂಗಡಿ ಮುಚ್ಚಿ ಹೊರಟರೆ ರಾತ್ರಿ ತರೀಕೆರೆಯಲ್ಲಿ ಇದ್ದು, ಭಾನುವಾರ ಬೆಳಗ್ಗೆ ಬೆಟ್ಟ ನೋಡಿ, ರಾತ್ರಿ ವಾಪಸ್ ಬರಬಹುದು. ಘಾಟಿ ರಸ್ತೆ ಸಣ್ಣದು, ರಾತ್ರಿ ಹತ್ತಬೇಡಿ.

ಬೇಸಿಗೆಯಲ್ಲೇ ಇಲ್ಲಿನ ಬೆಟ್ಟಕ್ಕೆ ಹೋಗಲೇಬೇಕು ಅಂದ್ರೆ ಬೆಳಗ್ಗೆ 6ಕ್ಕೆ ಹತ್ತಿ 9ಕ್ಕೆ ಇಳೀರಿ. ಸಂಜೆ ಹೋಗೋಣ ಅಂದ್ರೆ ಏಪ್ರಿಲ್–ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಅಡ್ಡಮಳೆ ಬರುತ್ತೆ. ಬೋಳು ಬಂಡೆ ನೆತ್ತಿಯಲ್ಲಿ ನಿಂತವರೇ ಸಿಡಿಲಿಗೆ ಎತ್ತರದ ಗುರಿ. ಮೋಡ ಕಪ್ಪಾದ ಕೂಡಲೇ ಕೆಳಗೆ ಇಳೀಬೇಕು, ಒಂಟಿ ಮರದ ಕೆಳಗೆ ನಿಲ್ಲಬಾರದು.

ಯಾರ ಜೊತೆ ಹೋಗ್ತೀರಿ?

- ವಯಸ್ಸಾದವರು, ಮಂಡಿನೋವು: ಹೇಮಕೂಟ, ಮಾಲ್ಯವಂತ, ಸಿಂಗಟಾಲೂರು, ಸಂಡೂರು ದೇವಸ್ಥಾನಗಳು
- ಐದು ವರ್ಷದೊಳಗಿನ ಮಕ್ಕಳು: ನಾರಿಹಳ್ಳ, ದರೋಜಿ, ಬಿಂಕದಕಟ್ಟಿ
- ಸ್ಕೂಲ್ ಹುಡುಗರು: ಚಿತ್ರದುರ್ಗ, ಉಚ್ಚಂಗಿದುರ್ಗ, ಅಂಜನಾದ್ರಿ
- ಒಂದು ರಾತ್ರಿ ಉಳ್ಕೊಳ್ಳೋರು: ಕೆಮ್ಮಣ್ಣುಗುಂಡಿ

ಎಲ್ಲಾ ಕಾಲಕ್ಕೂ ಇವು ಮರೀಬೇಡಿ

- ತಲೆಗೆ ಎರಡು ಲೀಟರ್ ನೀರು, ಜೊತೆಗೆ ಮಜ್ಜಿಗೆ, ಓಆರ್‌ಎಸ್ ಪೊಟ್ಟಣ. ಮೇಲೆ ಅಂಗಡಿ ಇರುತ್ತೆ ಅಂತ ನಂಬಬೇಡಿ.
- ಬಿಸಿಲಲ್ಲಿ ಯಾರಾದರೂ ತೊದಲಿದರೆ, ಮೈ ಕೆಂಡದಂಗೆ ಸುಡ್ತಿದ್ದರೆ ಅದು ಬರೀ ಸುಸ್ತಲ್ಲ. ನೆರಳಿಗೆ ತಂದು ಮೈಗೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ. ಎಚ್ಚರ ಇಲ್ಲದವರ ಬಾಯಿಗೆ ನೀರು ಹುಯ್ಯಬೇಡಿ.
- ಕೋಟೆ ಗೋಡೆ, ಬಂಡೆ ಸಂದಿಯಲ್ಲಿ ಹೆಜ್ಜೇನು ಕಟ್ಟಿರುತ್ತೆ. ಹೊಗೆ, ಕಲ್ಲು ಎಸೆಯೋದು, ಪಟಾಕಿ ಬೇಡವೇ ಬೇಡ.
- ಹೊಂಡ, ಕೆರೆಗಳಲ್ಲಿ ಈಜು ಬೇಡ. ಕಲ್ಲಿನ ಹೊಂಡಕ್ಕೆ ಅಂಚಲ್ಲೇ ಆಳ ಇರುತ್ತೆ, ಪಾಚಿ ಮೇಲೆ ಕಾಲಿಟ್ಟರೆ ಹಿಡಿತ ಸಿಗಲ್ಲ.
- ಚಪ್ಪಲಿ ಬದಲು ಶೂ. ಊಟದ ಎಲೆ, ಬಾಟ್ಲಿ ವಾಪಸ್ ಗಾಡಿಗೆ.

ಮಂಡಕ್ಕಿ ಒಗ್ಗರಣೆ, ರೊಟ್ಟಿ ಬುತ್ತಿ ಮನೆಯಿಂದ ಕಟ್ಕೊಳ್ಳಿ. ಆದರೆ ಚಹಾ, ನೀರು, ಹಣ್ಣು ಆ ಊರಿನ ಅಂಗಡಿಯಲ್ಲೇ ತಗೊಳ್ಳಿ. ಬರೋರು ನಾಲ್ಕು ರೂಪಾಯಿ ಖರ್ಚು ಮಾಡಿದರೆ ಬೆಟ್ಟದ ಬುಡದಲ್ಲಿ ಅಂಗಡಿ ಉಳಿಯುತ್ತೆ. ಅಂಗಡಿ ಇದ್ದರೆ ಆಪತ್ತಿಗೆ ಓಡಿಬರೋಕೆ ಒಬ್ಬರಾದರೂ ಮನುಷ್ಯರು ಇರ್ತಾರೆ.